ಉಳಿಸಿದ ಯೂನಿಟ್ ಯಾರ ಲೆಕ್ಕಕ್ಕೆ?

ಏಪ್ರಿಲ್ ತಿಂಗಳಲ್ಲಿ ಬಯಲುಸೀಮೆಯ ಯಾವುದೇ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಮೋಟರ್ ರೀವೈಂಡಿಂಗ್ ಅಂಗಡಿ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಬೋರ್‌ವೆಲ್‌ನಿಂದ ಎತ್ತಿ ತಂದ ಸಬ್‌ಮರ್ಸಿಬಲ್ ಮೋಟರ್‌ಗಳು ಗೋಡೆಗೆ ಸಾಲಾಗಿ ಒರಗಿರುತ್ತವೆ. ಅವುಗಳ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದ ಊರಿನ ಹೆಸರು, ಎಚ್‌ಪಿ. ಒಳಗೆ ಕೆಲಸದವನು ಸುಟ್ಟ ತಾಮ್ರದ ತಂತಿಯನ್ನು ಕಿತ್ತು ರಾಶಿ ಹಾಕುತ್ತಿದ್ದರೆ, ಹೊರಗೆ ನಿಂತ ರೈತ ಗಳಿಗೆಗೊಮ್ಮೆ ಇಣುಕುತ್ತಾನೆ. “ಸಂಜೆ ಒಳಗೆ ಬೇಕೇ ಬೇಕಣ್ಣ, ಟೊಮೆಟೊ ಬಾಡ್ತಾ ಇದೆ” ಎನ್ನುವುದು ಆ ಬೀದಿಯ ದಿನನಿತ್ಯದ ಮಾತು.

ಅದೇ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 60 ವಾಟ್‌ನ ಹಳದಿ ಬೆಳಕಿನ ಹಳೆಯ ಬಲ್ಬ್ ಕೇಳಿದರೆ, ಈಗ ಅದೆಲ್ಲಿ ಸಿಗುತ್ತೆ ಸ್ವಾಮಿ ಎನ್ನುತ್ತಾರೆ. ಹದಿನೈದು ವರ್ಷದ ಹಿಂದೆ ಪ್ರತಿ ಮನೆಯಲ್ಲೂ ಉರಿಯುತ್ತಿದ್ದ ಬಲ್ಬ್ ಅದು. ಇವತ್ತು ಕಪಾಟಿನ ತುಂಬ ಎಲ್‌ಇಡಿ.

ಬಲ್ಬ್ ಮತ್ತು ಮೋಟರ್ ಎರಡನ್ನೂ ಬದಲಾಯಿಸಿ ಕರೆಂಟ್ ಉಳಿಸಲು ಸರ್ಕಾರ ಮತ್ತು ವಿದ್ಯುತ್ ಕಂಪನಿಗಳು ಯೋಜನೆ ಹಾಕಿದ್ದವು. ಬಲ್ಬ್ ಬದಲಾಯಿತು, ಮೋಟರ್ ಇನ್ನೂ ಅದೇ ರೀವೈಂಡಿಂಗ್ ಅಂಗಡಿಯಲ್ಲಿದೆ. ವಿದ್ಯುತ್ ಕಂಪನಿಗಳ ಮೇಲೆ ಹೊರಿಸುವ ಉಳಿತಾಯದ ಗುರಿ, ನಮಗೆ ಕೊಡುವ ರಿಯಾಯಿತಿ, ಸಬ್ಸಿಡಿ ಇವೆಲ್ಲ ನಿಜವಾಗಿ ಕೆಲಸ ಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ಮಾರುವವನಿಗೇ ಉಳಿಸುವ ಹೊಣೆ

ವಿದ್ಯುತ್ ಕಂಪನಿಗೆ ಆದಾಯ ಬರುವುದು ಯೂನಿಟ್ ಮಾರಿ. ಅಂಥ ಕಂಪನಿಗೇ ‘ಗ್ರಾಹಕರು ಕಡಿಮೆ ಬಳಸುವಂತೆ ಮಾಡು’ ಎನ್ನುವುದು, ಊಟ ಕಡಿಮೆ ಮಾಡುವಂತೆ ಗಿರಾಕಿಗಳಿಗೆ ಹೇಳು ಎಂದು ಹೋಟೆಲ್ ಮಾಲೀಕರಿಗೆ ತಾಕೀತು ಮಾಡಿದ ಹಾಗೆ. ಅವರು ಹೇಳಿಯಾರು, ಮನಸ್ಸಿಟ್ಟು ಹೇಳಲಾರರು.

ಈ ಇಕ್ಕಟ್ಟಿಗೆ ಮೊದಲು ದಾರಿ ಹುಡುಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಅಲ್ಲಿನ ನಿಯಂತ್ರಣ ಆಯೋಗ ಕಂಪನಿಯ ಆದಾಯಕ್ಕೂ ಮಾರಾಟಕ್ಕೂ ಇದ್ದ ಗಂಟನ್ನು ಬಿಚ್ಚಿತು. ವರ್ಷಕ್ಕೆ ಇಷ್ಟು ಆದಾಯ ಎಂದು ಆಯೋಗವೇ ಗೊತ್ತು ಮಾಡುತ್ತದೆ. ಮಾರಾಟ ಕಡಿಮೆಯಾಗಿ ಕೊರತೆ ಬಿದ್ದರೆ ಮುಂದಿನ ವರ್ಷದ ದರದಲ್ಲಿ ತುಂಬಿಕೊಡುತ್ತದೆ, ಹೆಚ್ಚಾದರೆ ಗ್ರಾಹಕರಿಗೆ ವಾಪಸ್ ಕೊಡಿಸುತ್ತದೆ. ವಿದ್ಯುತ್ ಕಂಪನಿಗಳಿಗೆ ಇದು ಜಾರಿಯಾದದ್ದು 1982ರಲ್ಲಿ. 1999ರಲ್ಲಿ ಟೆಕ್ಸಸ್ ಇನ್ನೊಂದು ದಾರಿ ಹಿಡಿದು, ಬೇಡಿಕೆಯ ಬೆಳವಣಿಗೆಯಲ್ಲಿ ಇಷ್ಟು ಪಾಲನ್ನು ಉಳಿತಾಯದಿಂದಲೇ ಸರಿದೂಗಿಸಬೇಕು ಎಂದು ಕಾನೂನು ಮಾಡಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಗುರಿಗಳನ್ನು ತಂದವು.

ಕಂಪನಿಗಳಿಗೆ ಇದು ಎಷ್ಟು ಕಹಿ ಎನ್ನುವುದಕ್ಕೆ ಓಹಿಯೊ ರಾಜ್ಯ ಸಾಕ್ಷಿ. 2019ರಲ್ಲಿ ಅಲ್ಲಿನ ಶಾಸನಸಭೆ ಒಂದೇ ಮಸೂದೆಯಲ್ಲಿ ಅಣುಸ್ಥಾವರಗಳಿಗೆ ಸುಮಾರು ನೂರು ಕೋಟಿ ಡಾಲರ್ ನೆರವನ್ನೂ ಕೊಟ್ಟಿತು, ಉಳಿತಾಯದ ಗುರಿಗಳಿಗೂ ಕೊನೆ ಹಾಡಿತು. ಅದರ ಹಿಂದೆ ಸುಮಾರು 6 ಕೋಟಿ ಡಾಲರ್‌ಗಳ ಲಂಚವಿತ್ತು ಎಂಬುದು ನ್ಯಾಯಾಲಯದಲ್ಲಿ ಸಾಬೀತಾಯಿತು. ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಜೈಲು ಶಿಕ್ಷೆ ವಿಧಿಸಲಾಯಿತು.

ನಮ್ಮಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಫ್ರಿಜ್, ಏಸಿಗಳ ಮೇಲೆ ನಕ್ಷತ್ರ ಅಂಟಿಸುವ ಇಂಧನ ದಕ್ಷತಾ ಬ್ಯೂರೊ ಹುಟ್ಟಿದ್ದು ಮರುವರ್ಷ. ರಾಜ್ಯದ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳೂ ಗ್ರಾಹಕರ ಬೇಡಿಕೆ ತಗ್ಗಿಸುವ ಯೋಜನೆಗಳನ್ನು ರೂಪಿಸಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ, ಅಂದರೆ ಕೆಇಆರ್‌ಸಿಯ, ನಿಯಮಾವಳಿ ಹೇಳುತ್ತದೆ.

ಬಲ್ಬ್ ಗೆದ್ದ ಕತೆ

2004–05ರ ಸುಮಾರಿಗೆ ಬೆಸ್ಕಾಂ ರಿಯಾಯಿತಿ ದರದಲ್ಲಿ, ಕಂತಿನಲ್ಲಿ ಸಿಎಫ್‌ಎಲ್ ಬಲ್ಬ್ ಕೊಡುವ ಯೋಜನೆ ಶುರು ಮಾಡಿತು. ಕಂತು ಕರೆಂಟ್ ಬಿಲ್ಲಿನ ಜೊತೆಗೇ ಸೇರಿ ಬರುತ್ತಿತ್ತು. ದೇಶದಲ್ಲಿ ವಿದ್ಯುತ್ ಕಂಪನಿಯೊಂದು ಇಂಥದ್ದಕ್ಕೆ ಕೈ ಹಾಕಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಹತ್ತು ವರ್ಷದ ಬಳಿಕ ಎಲ್‌ಇಡಿ ಬಂತು. 2015ರ ಜನವರಿಯಲ್ಲಿ ಕೇಂದ್ರದ ಯೋಜನೆ ದೇಶವ್ಯಾಪಿಯಾಯಿತು; ಆಮೇಲೆ ಅದಕ್ಕೆ ‘ಉಜಾಲಾ’ ಎಂಬ ಹೆಸರು ಬಂತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಆಯಿತು. ಹಿಂದಿನ ತಿಂಗಳ ಬಿಲ್ ಹಿಡಿದುಕೊಂಡು ಎಸ್ಕಾಂ ಕಚೇರಿ ಮುಂದೆ ಸರತಿಯಲ್ಲಿ ನಿಂತದ್ದು ಓದುಗರಲ್ಲಿ ಹಲವರಿಗೆ ನೆನಪಿರಬಹುದು.

ಸರತಿಗಿಂತ ದೊಡ್ಡ ಕೆಲಸ ನಡೆದದ್ದು ಟೆಂಡರ್‌ನಲ್ಲಿ. ನಾಲ್ಕು ಸರ್ಕಾರಿ ವಿದ್ಯುತ್ ಸಂಸ್ಥೆಗಳು ಸೇರಿ ಕಟ್ಟಿದ ಇಇಎಸ್‌ಎಲ್, ಕೋಟಿಗಟ್ಟಲೆ ಬಲ್ಬ್‌ಗಳಿಗೆ ಒಟ್ಟಿಗೆ ಬೇಡಿಕೆ ಇಟ್ಟಿತು. 2014ರ ಆರಂಭದಲ್ಲಿ ಬಲ್ಬ್ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 40 ರೂಪಾಯಿಗಿಂತ ಕೆಳಗಿಳಿಯಿತು. ಸಬ್ಸಿಡಿಯ ಹಣ ಇಲ್ಲದೆಯೇ ಇದು ಆದದ್ದು. ಯೋಜನೆಯ ಬಲ್ಬ್ ಕೊಳ್ಳದವರಿಗೂ ಅಂಗಡಿಯಲ್ಲಿ ದರ ಇಳಿಯಿತು.

ಈಗ ಉಳಿತಾಯದ ಲೆಕ್ಕಕ್ಕೆ ಬರೋಣ. ಅಧಿಕೃತ ಅಂಕಿಗಳ ಪ್ರಕಾರ ವಿತರಿಸಿದ ಬಲ್ಬ್‌ಗಳು 36 ಕೋಟಿ 78 ಲಕ್ಷ, ಉಳಿತಾಯ ವರ್ಷಕ್ಕೆ ಸುಮಾರು 4,778 ಕೋಟಿ ಯೂನಿಟ್. ಭಾಗಿಸಿ ನೋಡಿ: ಒಂದು ಬಲ್ಬಿಗೆ ವರ್ಷಕ್ಕೆ 130 ಯೂನಿಟ್. 60 ವಾಟ್ ಬಲ್ಬ್ ತೆಗೆದು 9 ವಾಟ್ ಎಲ್‌ಇಡಿ ಹಾಕಿದರೆ ಉಳಿಯುವುದು 51 ವಾಟ್. 130 ಯೂನಿಟ್ ಉಳಿಯಬೇಕಾದರೆ ಆ ಬಲ್ಬ್ ದಿನಕ್ಕೆ ಏಳು ಗಂಟೆ, ವರ್ಷದ 365 ದಿನವೂ ಉರಿಯಬೇಕು. ಹಾಲ್‌ನ ಬಲ್ಬ್ ಅಷ್ಟು ಉರಿದೀತು. ಬಚ್ಚಲುಮನೆಯದು, ಮೆಟ್ಟಿಲ ಕೆಳಗಿನದು, ಕೊಟ್ಟಿಗೆಯದು? ಇನ್ನು ತೆಗೆದದ್ದು ಹಳದಿ ಬಲ್ಬ್ ಅಲ್ಲದೆ 15 ವಾಟ್‌ನ ಸಿಎಫ್‌ಎಲ್ ಆಗಿದ್ದರೆ, ಏಳು ಗಂಟೆ ಉರಿಸಿದರೂ ವರ್ಷಕ್ಕೆ ಉಳಿಯುವುದು 15 ಯೂನಿಟ್ ಮಾತ್ರ. ಅಷ್ಟೇ ಅಲ್ಲ, ಹತ್ತು ವರ್ಷದ ಹಿಂದೆ ಕೊಟ್ಟು ಈಗಾಗಲೇ ಕೆಟ್ಟು ಕಸಕ್ಕೆ ಹೋದ ಬಲ್ಬೂ ಒಟ್ಟು ಲೆಕ್ಕದಲ್ಲಿ ಸೇರಿಕೊಂಡಿದೆ.

ಹಾಗಾದರೆ ಯೋಜನೆ ಸೋತಿತೇ? ಇಲ್ಲ, ಗೆದ್ದಿತು. ಆದರೆ ಆ ಗೆಲುವು ಅಂಕಿಪಟ್ಟಿ ತೋರಿಸುವ ಕಡೆ ಇಲ್ಲ. ಬೆಲೆ ಮುರಿದು ಮಾರುಕಟ್ಟೆಯನ್ನೇ ತಿರುಗಿಸಿದ್ದು ಅದರ ನಿಜವಾದ ಸಾಧನೆ, ಮತ್ತು ಅದು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಕಾಗದದಲ್ಲಿ ಮೂರು, ಮೀಟರ್‌ನಲ್ಲಿ ಒಂದು

ಊಹೆಯ ಉಳಿತಾಯ ಮತ್ತು ಅಳೆದ ಉಳಿತಾಯದ ನಡುವಿನ ಅಂತರ ನಮ್ಮದೊಂದೇ ಸಮಸ್ಯೆಯಲ್ಲ. ಮೆಕ್ಸಿಕೊ ಸರ್ಕಾರ 2009ರಿಂದ ಹಳೆಯ ಫ್ರಿಜ್, ಏಸಿ ಕೊಟ್ಟವರಿಗೆ ಹೊಸದಕ್ಕೆ ನೆರವು ಕೊಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿತು. ಅರ್ಥಶಾಸ್ತ್ರಜ್ಞರು ಆ ಮನೆಗಳ ಬಿಲ್‌ಗಳನ್ನು ಹರಡಿಕೊಂಡು ನೋಡಿದರು. ಫ್ರಿಜ್ ಬದಲಾಯಿಸಿದ ಮನೆಗಳಲ್ಲಿ ಬಳಕೆ ಇಳಿದದ್ದು ಸುಮಾರು 8%, ಅಂದರೆ ನಿರೀಕ್ಷೆಯ ನಾಲ್ಕನೇ ಒಂದು ಭಾಗ. ಏಸಿ ಬದಲಾಯಿಸಿದ ಮನೆಗಳಲ್ಲಿ ಬಳಕೆ ಏರಿತು. ಹೊಸ ಫ್ರಿಜ್ ಹಳೆಯದಕ್ಕಿಂತ ದೊಡ್ಡದಿತ್ತು. ಏಸಿ ಓಡಿಸುವ ಖರ್ಚು ಇಳಿದದ್ದರಿಂದ ಜನ ಹೆಚ್ಚು ಹೊತ್ತು ಓಡಿಸಿದರು. ಸೆಕೆಯಲ್ಲಿ ಬೆಂದವರು ಸ್ವಲ್ಪ ಹೆಚ್ಚು ತಂಪು ಬಯಸಿದ್ದರಲ್ಲಿ ತಪ್ಪೇನೂ ಇಲ್ಲ. ಅದನ್ನು ಉಳಿತಾಯ ಎಂದು ಬರೆದುಕೊಳ್ಳುವುದು ಮಾತ್ರ ತಪ್ಪು.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬಡ ಕುಟುಂಬಗಳ ಮನೆಗಳಿಗೆ ಚಳಿ ತಡೆಯುವ ಹೊದಿಕೆ, ಹೊಸ ಹೀಟರ್‌ಗಳನ್ನು ಉಚಿತವಾಗಿ ಹಾಕಿಕೊಡುವ ಯೋಜನೆಯಿದೆ. ಸುಮಾರು 30,000 ಕುಟುಂಬಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಂಜಿನಿಯರ್‌ಗಳ ಲೆಕ್ಕ ಹೇಳಿದ ಉಳಿತಾಯ, ನಿಜವಾಗಿ ಆದದ್ದರ ಸುಮಾರು ಮೂರು ಪಟ್ಟು ಇತ್ತು. ಉಚಿತವೆಂದು ಮನೆಬಾಗಿಲಿಗೇ ಹೋಗಿ ಹೇಳಿದರೂ ಮುಂದೆ ಬಂದವರು ನೂರಕ್ಕೆ ಆರು ಜನರಷ್ಟೇ. ಅರ್ಜಿ, ದಾಖಲೆ, ಮನೆಗೆ ಬಂದು ಹೋಗುವ ತಪಾಸಣೆದಾರರು ಇವೆಲ್ಲ ಬಡವರಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುವ ವಿಷಯ ಎನ್ನುವುದನ್ನು ಯೋಜನೆ ಮಾಡುವವರು ಮರೆಯುತ್ತಾರೆ.

ಕ್ಯಾಲಿಫೋರ್ನಿಯಾದ ಹೆಮ್ಮೆಯ ಮಾತಿಗೂ ಇಂಥದೇ ಪರೀಕ್ಷೆ ಆಗಿದೆ. 1970ರ ದಶಕದಿಂದ ಅಲ್ಲಿ ತಲಾ ವಿದ್ಯುತ್ ಬಳಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. ಆದರೆ ಅದರಲ್ಲಿ ಹಿತವಾದ ಹವೆಯ, ದುಬಾರಿ ದರದ ಪಾಲೂ ದೊಡ್ಡದು. ಅಲ್ಲಿನ ಕಟ್ಟಡ ನಿಯಮಗಳ ಬಳಿಕ ಕಟ್ಟಿದ ಮನೆಗಳು ಹಳೆಯ ಮನೆಗಳಿಗಿಂತ ಗಣನೀಯವಾಗಿ ಕಡಿಮೆ ವಿದ್ಯುತ್ ಬಳಸುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ಆರಿಕ್ ಲೆವಿನ್‌ಸನ್ ತೋರಿಸಿದರು. ಇನ್ನೊಂದು ಕಡೆ, ಫ್ರಿಜ್‌ಗಳಿಗೆ ಹಾಕಿದ ಕಡ್ಡಾಯ ಮಾನದಂಡ ಅದ್ಭುತವಾಗಿ ಫಲಿಸಿತು. ಇಂದಿನ ಅಮೆರಿಕನ್ ಫ್ರಿಜ್ 1974ರ ಫ್ರಿಜ್‌ಗಿಂತ ದೊಡ್ಡದು, ಆದರೆ ತಿನ್ನುವುದು ಅದರ ಕಾಲು ಭಾಗದಷ್ಟು ಕರೆಂಟ್. ತಯಾರಕರು ಹತ್ತಿಪ್ಪತ್ತು ಮಂದಿ. ನಿಯಮವನ್ನು ಅವರಿಗೆ ಹಾಕಿದರೆ ಸಾಕು, ಕೋಟಿ ಮನೆಗಳನ್ನು ಒಪ್ಪಿಸುವ ಕೆಲಸ ಉಳಿಯುವುದಿಲ್ಲ.

ತಾರಸಿ ಮೇಲಿನ ನೀರಿನ ಟ್ಯಾಂಕ್

ಕರ್ನಾಟಕದ್ದೇ ಒಂದು ಒಳ್ಳೆಯ ಉದಾಹರಣೆ ನಮ್ಮ ತಲೆ ಮೇಲೇ ಇದೆ. 1200 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಇಲ್ಲದಿದ್ದರೆ ವಿದ್ಯುತ್ ಸಂಪರ್ಕವಿಲ್ಲ ಎಂಬ ನಿಯಮ 2007ರಲ್ಲಿ ಬಂತು. ಜೊತೆಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ. ಐವತ್ತು ರೂಪಾಯಿಗಾಗಿ ಯಾರೂ ಸಾವಿರಾರು ರೂಪಾಯಿಯ ಹೀಟರ್ ಹಾಕಿಸುವುದಿಲ್ಲ. ಕೆಲಸ ಮಾಡಿದ್ದು ಕಡ್ಡಾಯ.

ನೂರು ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಸುಮಾರು ಮೂರೂವರೆ ಯೂನಿಟ್ ಬೇಕು. ವರ್ಷದಲ್ಲಿ 300 ದಿನ ಬಿಸಿಲು ಕೈ ಹಿಡಿದರೆ ಒಂದು ಮನೆಗೆ ಸಾವಿರ ಯೂನಿಟ್ ಉಳಿಯಿತು. ಅದೂ ಎಲ್ಲರೂ ಒಟ್ಟಿಗೆ ಗೀಸರ್ ಹಾಕುವ ಬೆಳಗಿನ ಹೊತ್ತಿನಲ್ಲಿ. ಬೇಡಿಕೆ ಹೆಚ್ಚಿರುವ ಆ ಗಂಟೆಗಳಲ್ಲಿ ಉಳಿದ ಯೂನಿಟ್‌ಗೆ ಬೆಲೆಯೂ ಹೆಚ್ಚು. ಸ್ಥಳೀಯ ತಯಾರಕರು, ಊರೂರಿನಲ್ಲಿ ರಿಪೇರಿ ಮಾಡುವವರು ಹುಟ್ಟಿಕೊಂಡದ್ದರಿಂದ ಸೋಲಾರ್ ಹೀಟರ್ ಬಳಕೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದಾಯಿತು.

ದೋಷವಿಲ್ಲವೆಂದಲ್ಲ. ಸಂಪರ್ಕ ಸಿಗಲಿ ಎಂದು ಅಗ್ಗದ್ದನ್ನು ಹಾಕಿಸಿ ಮರೆತವರಿದ್ದಾರೆ. ಬೋರ್‌ವೆಲ್‌ನ ಗಡಸು ನೀರಿಗೆ ಕೊಳವೆಗಳಲ್ಲಿ ಸುಣ್ಣ ಕಟ್ಟಿ ನಿಂತುಹೋದ ಹೀಟರ್‌ಗಳಿವೆ. ಒಳಗೆ ಗೀಸರ್ ಎಂದಿನಂತೆ ಉರಿಯುತ್ತದೆ. ಹಾಕಿದ್ದನ್ನು ಎಣಿಸುವ ವ್ಯವಸ್ಥೆ ಇದೆ, ನಡೆಯುತ್ತಿದೆಯೇ ಎಂದು ನೋಡುವ ವ್ಯವಸ್ಥೆ ಇಲ್ಲ.

ಮೋಟರ್ ಯಾಕೆ ಬದಲಾಗಲಿಲ್ಲ

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್‌ಗಳಿವೆ, ಅಂದರೆ ನೀರಾವರಿ ಪಂಪ್‌ಸೆಟ್‌ಗಳು. ರಾಜ್ಯದ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಅವಕ್ಕೆ ಹೋಗುತ್ತದೆ. ಉಳಿಸಲು ಇದಕ್ಕಿಂತ ದೊಡ್ಡ ಜಾಗ ಇನ್ನೊಂದಿಲ್ಲ. ಆದ್ದರಿಂದಲೇ ದೊಡ್ಡಬಳ್ಳಾಪುರದ ಸುತ್ತ, ಹೆಸ್ಕಾಂನ ನಿಪ್ಪಾಣಿ, ಬ್ಯಾಡಗಿಗಳಲ್ಲಿ, ಚೆಸ್ಕಾಂ ವ್ಯಾಪ್ತಿಯ ಮಂಡ್ಯದಲ್ಲಿ ಹಳೆಯ ಪಂಪ್ ತೆಗೆದು ದಕ್ಷ ಪಂಪ್ ಹಾಕುವ ಪ್ರಯೋಗಗಳು ನಡೆದವು. ರೈತರಿಗೆ ಖರ್ಚಿಲ್ಲ, ಪಂಪ್ ಹಾಕಿದ ಸಂಸ್ಥೆಗೆ ಎಸ್ಕಾಂ ತನ್ನ ಉಳಿತಾಯದಲ್ಲಿ ಪಾಲು ಕೊಡಬೇಕು. ಕಾಗದದಲ್ಲಿ ಎಲ್ಲರಿಗೂ ಲಾಭ. ಪ್ರಯೋಗಗಳು ಮಾತ್ರ ಪ್ರಯೋಗಗಳಾಗಿಯೇ ಉಳಿದವು.

ಮೊದಲು ರೈತನ ಕಡೆಯಿಂದ ನೋಡೋಣ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಯೂನಿಟ್ ಉಳಿಸಿ ಅವನಿಗೆ ಬರುವುದೇನೂ ಇಲ್ಲ. ಅವನ ಖರ್ಚೆಲ್ಲ ಮೋಟರ್ ಸುಟ್ಟಾಗ. ತ್ರೀ ಫೇಸ್ ಕೊಡುವ ಗಂಟೆಗಳಲ್ಲಿ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಪಂಪ್‌ಗಳೆಲ್ಲ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಬೀಳುತ್ತದೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದೆ ರೈತ ಆಟೋ ಸ್ಟಾರ್ಟರ್ ಹಾಕಿಕೊಂಡಿರುತ್ತಾನೆ. ನಡುರಾತ್ರಿ ಲೈನ್ ಬಂದ ಕ್ಷಣವೇ ಊರಿನ ಮೋಟರ್‌ಗಳೆಲ್ಲ ಒಮ್ಮೆಲೇ ಏಳುತ್ತವೆ. ಇಂಥ ಕಡೆ ಅವನು ಆರಿಸುವುದು ಕಡಿಮೆ ವೋಲ್ಟೇಜಿಗೂ ಜಗ್ಗುವ, ದಪ್ಪ ತಂತಿ ಸುತ್ತಿದ, ಅಗತ್ಯಕ್ಕಿಂತ ದೊಡ್ಡ ಎಚ್‌ಪಿಯ ಮೋಟರ್ ಅನ್ನು. ಸುಟ್ಟರೆ ತಾಲ್ಲೂಕಿನಲ್ಲೇ ಸಂಜೆಯೊಳಗೆ ಕಟ್ಟಿಕೊಡುವವರಿದ್ದಾರೆ. ದಕ್ಷ ಪಂಪ್ ನಿಗದಿತ ಆಳಕ್ಕೆ, ನಿಗದಿತ ವೋಲ್ಟೇಜಿಗೆ ಹೊಂದಿಸಿದ್ದು. ಬೋರ್‌ನ ನೀರು ನೂರಡಿ ಕೆಳಗಿಳಿದರೆ ಅದರ ದಕ್ಷತೆಯೂ ಇಳಿಯುತ್ತದೆ. ಕೆಟ್ಟರೆ ಬಿಡಿಭಾಗ ಎಲ್ಲಿಂದ ಬರಬೇಕು? ರೈತನ ಆಯ್ಕೆ ಅಜ್ಞಾನದ್ದಲ್ಲ, ಅವನಿಗೆ ಸಿಗುವ ಕರೆಂಟಿಗೆ ತಕ್ಕ ಬುದ್ಧಿವಂತಿಕೆಯದ್ದು. ಮೀಟರ್ ಇಟ್ಟರೆ ನಾಳೆ ಬಿಲ್ ಬಂದೀತು ಎಂಬ ಅವನ ಭಯಕ್ಕೂ ಕಾರಣವಿದೆ.

ಇನ್ನು ಎಸ್ಕಾಂ ಕಡೆಯಿಂದ. ಬಹುಪಾಲು ಐಪಿ ಸೆಟ್‌ಗಳಿಗೆ ಮೀಟರ್ ಇಲ್ಲ. ಕೆಲವು ಟಿಸಿ, ಫೀಡರ್‌ಗಳ ಮಾದರಿ ಅಳತೆಯಿಂದ ಒಟ್ಟು ಬಳಕೆಯನ್ನು ಅಂದಾಜು ಮಾಡಿ ಸರ್ಕಾರದಿಂದ ಸಬ್ಸಿಡಿ ಪಡೆಯಲಾಗುತ್ತದೆ. ಸೋರಿಕೆ, ಕಳ್ಳತನದ ಒಂದು ಪಾಲೂ ಈ ಅಂದಾಜಿನೊಳಗೆ ಸೇರಿಹೋಗಬಹುದು ಎಂಬುದು ದೇಶದಾದ್ಯಂತ ಹಳೆಯ ತಕರಾರು. ಹೊಲದ ಫೀಡರ್ ಮತ್ತು ಊರಿನ ಫೀಡರ್ ಬೇರೆ ಮಾಡಿದ ‘ನಿರಂತರ ಜ್ಯೋತಿ’ಯಿಂದ ಚಿತ್ರ ಸ್ವಲ್ಪ ತಿಳಿಯಾಯಿತು. ಆದರೂ ಪಂಪ್ ಎಷ್ಟು ತಿನ್ನುತ್ತಿತ್ತು ಎಂಬುದೇ ಖಚಿತವಿಲ್ಲದಾಗ, ಬದಲಾಯಿಸಿ ಎಷ್ಟು ಉಳಿಯಿತು ಎಂದು ಹೇಳುವುದು ಹೇಗೆ? ಪಾಲು ಕೇಳುವ ಸಂಸ್ಥೆಗೆ ಎಸ್ಕಾಂ ಯಾವ ಲೆಕ್ಕ ನೋಡಿ ಹಣ ಕೊಡಬೇಕು?

ಇದರ ಮೇಲೆ ನೀರಿನ ಪ್ರಶ್ನೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಒಳ್ಳೆಯ ಪಂಪ್ ತ್ರೀ ಫೇಸ್ ಸಿಗುವ ಅದೇ ಏಳು ಗಂಟೆಯಲ್ಲಿ ಹೆಚ್ಚು ನೀರು ಎತ್ತಿದರೆ, ಆ ನೀರು ಇನ್ನೊಂದರ್ಧ ಎಕರೆಗೆ ಹೋಗುತ್ತದೆ. ವಿದ್ಯುತ್ ಉಳಿದಂತೆ ಕಂಡರೂ ಅಂತರ್ಜಲ ಇನ್ನಷ್ಟು ಕೆಳಗಿಳಿಯುತ್ತದೆ, ಮರುವರ್ಷ ಅಷ್ಟೇ ನೀರಿಗೆ ಇನ್ನೂ ಹೆಚ್ಚು ಕರೆಂಟ್ ಬೇಕಾಗುತ್ತದೆ.

ಉಳಿಸಿದವರಿಗೇ ಹಣ

ಉಚಿತ ಕರೆಂಟ್ ತೆಗೆಯದೆಯೇ ಉಳಿತಾಯಕ್ಕೆ ಬೆಲೆ ಕೊಡಲು ಸಾಧ್ಯವೇ? ಪಂಜಾಬ್ 2018ರಲ್ಲಿ ಪ್ರಯತ್ನಿಸಿತು. ಸ್ವಇಚ್ಛೆಯಿಂದ ಮೀಟರ್ ಹಾಕಿಸಿಕೊಂಡ ರೈತರಿಗೆ ಇಂತಿಷ್ಟು ಯೂನಿಟ್ ಎಂದು ಗೊತ್ತು ಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿಯನ್ನು ಅವರ ಖಾತೆಗೇ ಹಾಕುವ ಯೋಜನೆ ಅದು. ಅದಕ್ಕೂ ಮೊದಲು ಉತ್ತರ ಗುಜರಾತಿನಲ್ಲಿ ಸಂಶೋಧಕರು ಇಂಥದೇ ಪ್ರಯೋಗ ಮಾಡಿದ್ದರು. ರೈತರು ದೊಡ್ಡ ಸಂಖ್ಯೆಯಲ್ಲಿ ಮೀಟರ್ ಒಪ್ಪಿಕೊಂಡರು, ಆದರೆ ನೀರೆತ್ತುವುದು ಕಡಿಮೆಯಾದದ್ದು ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಇದರ ಮೊದಲರ್ಧವೂ ಸಣ್ಣ ಸಂಗತಿಯಲ್ಲ. ಮೀಟರ್ ಎಂದರೆ ಬಿಲ್ ಎಂಬ ಭಯ ಹೋದರೆ ರೈತ ಅಳತೆಗೆ ಅಡ್ಡಿಯಲ್ಲ ಎಂದು ಅದು ತೋರಿಸಿತು.

ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಡ, ಮಧ್ಯಮ ವರ್ಗದ ಮನೆಗಳಿಗೆ ನಿಜವಾದ ನೆಮ್ಮದಿ ಕೊಟ್ಟಿದೆ. ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ 200 ಯೂನಿಟ್ ಒಳಗಿನ ಮಿತಿ ಹಾಕಿರುವುದರಿಂದ, ಮನಬಂದಂತೆ ಬಳಸಲು ಅಲ್ಲಿ ಅವಕಾಶವಿಲ್ಲ. ಆದರೆ ಮಿತಿಯ ಒಳಗಿರುವವರಿಗೆ ಉಳಿಸಿ ಸಿಗುವುದು ಏನೂ ಇಲ್ಲ. ಸಾಮಾನ್ಯ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್ 30 ವಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ 300 ದಿನಕ್ಕೆ 135 ಯೂನಿಟ್ ವ್ಯತ್ಯಾಸ. ಈ ಯೂನಿಟ್ ಉಳಿದರೆ ಲಾಭ ಸರ್ಕಾರದ ಬೊಕ್ಕಸಕ್ಕೆ. ಫ್ಯಾನಿನ ಹೆಚ್ಚುವರಿ ಸಾವಿರ, ಒಂದೂವರೆ ಸಾವಿರ ರೂಪಾಯಿ ಮಾತ್ರ ಮನೆಯವರ ಜೇಬಿನಿಂದ. ಹಾಗಿದ್ದರೆ ಆ ವ್ಯತ್ಯಾಸವನ್ನು ಸರ್ಕಾರವೇ ಭರಿಸುವುದು ನ್ಯಾಯ, ಲಾಭವೂ ಹೌದು. ಬಲ್ಬಿಗೆ ಮಾಡಿದ ಸಗಟು ಟೆಂಡರ್ ಅನ್ನು ಫ್ಯಾನಿಗೆ ದೊಡ್ಡ ಪ್ರಮಾಣದಲ್ಲಿ ಮಾಡಲು ಯಾವ ಅಡ್ಡಿಯೂ ಇಲ್ಲ. ಸೀಲಿಂಗ್ ಫ್ಯಾನಿಗೆ ನಕ್ಷತ್ರದ ಗುರುತು 2023ರಿಂದ ಹೇಗೂ ಕಡ್ಡಾಯವಾಗಿದೆ.

ಕೇಳಬೇಕಾದ ಲೆಕ್ಕ

ಉಳಿತಾಯದ ಯೋಜನೆಗಳು ಕೆಲಸ ಮಾಡುತ್ತವೆ, ಆದರೆ ಹೇಳಿಕೊಳ್ಳುವಷ್ಟಲ್ಲ. ತಯಾರಕರಿಗೆ ಹಾಕಿದ ಮಾನದಂಡ, ಬೆಲೆ ಇಳಿಸುವ ಸಗಟು ಖರೀದಿ, ಹೊಸ ಮನೆ ಕಟ್ಟುವಾಗಿನ ಕಡ್ಡಾಯ ಇವು ಗಟ್ಟಿ. ಮನೆಮನೆಗೆ ಹೋಗಿ ಹಳೆಯದನ್ನು ಬದಲಾಯಿಸುವ ನಗದು ಯೋಜನೆಗಳು ದುರ್ಬಲ. ಉಳಿಸಿದವರಿಗೆ ಏನೂ ಸಿಗದ, ಅಳತೆಯೂ ಇಲ್ಲದ ಕಡೆ ಹಾಕಿದ ಹಣ ಬಹುಪಾಲು ವ್ಯರ್ಥ. ಪಂಪ್‌ಸೆಟ್ ವಿಷಯದಲ್ಲಿ ಮೊದಲು ಆಗಬೇಕಾದದ್ದು ಹೊಸ ಪಂಪ್ ಅಲ್ಲ, ಒಳ್ಳೆಯ ವೋಲ್ಟೇಜ್, ಹಗಲು ಹೊತ್ತಿನ ನಂಬಿಕೆಯ ತ್ರೀ ಫೇಸ್ ಮತ್ತು ಪ್ರತಿ ಟಿಸಿಗೆ ಒಂದು ಮೀಟರ್.

ಎಸ್ಕಾಂಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗಲೆಲ್ಲ ಕೆಇಆರ್‌ಸಿ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಆ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿ ಮಾತಾಡಲು ವಕೀಲರೇ ಆಗಬೇಕಿಲ್ಲ, ಕರೆಂಟ್ ಬಿಲ್ ಕಟ್ಟುವ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮುಂದಿನ ಸಲ ಆ ಪ್ರಕಟಣೆ ಕಣ್ಣಿಗೆ ಬಿದ್ದಾಗ ಯೂನಿಟ್‌ಗೆ ಎಷ್ಟು ಪೈಸೆ ಏರುತ್ತದೆ ಎಂದಷ್ಟೇ ನೋಡಬೇಡಿ. ಉಳಿತಾಯದ ಯೋಜನೆಗೆ ಎಷ್ಟು ಖರ್ಚಾಯಿತು, ಎಷ್ಟು ಯೂನಿಟ್ ಉಳಿಯಿತು, ಅದನ್ನು ಯಾವ ಮೀಟರ್‌ನಲ್ಲಿ ಅಳೆದಿರಿ ಎಂದು ಬರೆದು ಕೇಳಿ.